ಏಳು ದಿನದ ಊರು

ಕೆರಿಬಿಯನ್ ಸಮುದ್ರದಲ್ಲಿ ವಿಹಾರದ ಹಡಗು ಹತ್ತಿ ಬಂದವರ ಮಾತು ಈಗ ನಮ್ಮ ಬೀದಿಗಳಲ್ಲೂ ಕೇಳಿಬರುತ್ತದೆ. ಮಕ್ಕಳು ಅಮೆರಿಕದಲ್ಲಿರುತ್ತಾರೆ, ತಂದೆತಾಯಿ ಕೆಲವು ತಿಂಗಳಿಗೆಂದು ಹೋಗುತ್ತಾರೆ, ನಯಾಗರವೂ ನ್ಯೂಯಾರ್ಕೂ ಮುಗಿದ ಮೇಲೆ ಅವರನ್ನು ಫ್ಲಾರಿಡಾಕ್ಕೆ ಕರೆದೊಯ್ದು ಒಂದು ವಾರದ ಕ್ರೂಸ್ ಹತ್ತಿಸುತ್ತಾರೆ. ಊರಿಗೆ ಬಂದು ಹೇಳಿಕೊಳ್ಳುವಾಗ ಮೊದಲು ಬರುವುದು ದ್ವೀಪಗಳ, ದೇಶಗಳ ಹೆಸರು. ಬಹಾಮಾಸ್ ನೋಡಿದೆವು, ಜಮೈಕಾ ನೋಡಿದೆವು, ಮೆಕ್ಸಿಕೊ ನೋಡಿದೆವು. ಹಡಗಿನ ಒಳಗಿನ ಮಾತು ಬರುವುದು ಆಮೇಲೆ, ಅದೂ ಹಗುರಾಗಿ: ಊಟ ಎಷ್ಟು ಬಗೆ ಇತ್ತು, ಕೋಣೆ ಎಷ್ಟು ಚಿಕ್ಕದು, ರಾತ್ರಿ ಯಾವ ನಾಟಕ. ನನ್ನ ವಾದ ಇದರ ತಿರುವುಮುರುವು. ಹಡಗಿನಲ್ಲಿ ಹೋಗಿಬಂದವರು ನಿಜವಾಗಿ ತಿಳಿದುಕೊಂಡು ಬರುವುದು ಹಡಗನ್ನೇ, ದ್ವೀಪಗಳನ್ನಲ್ಲ. ಅಲ್ಲಿನ ದಿನಚರಿಯನ್ನು ಹೇಳುವುದು ಚಿಲ್ಲರೆ ಮಾತೂ ಅಲ್ಲ. ಆದರೆ ಆ ದಿನಚರಿಯನ್ನು ನಾವು ಅರ್ಧ ಮಾತ್ರ ಹೇಳುತ್ತಿದ್ದೇವೆ. ಉಳಿದರ್ಧವೂ ಬಾಯಿಗೆ ಬರಬೇಕು; ಹಾಗೆ ಬಂದಾಗಲೆಲ್ಲ ಹಡಗಿನ ಬದುಕು ಒಂದಿಷ್ಟು ಸುಧಾರಿಸಿದೆ ಎಂಬುದಕ್ಕೆ ಆಧಾರಗಳಿವೆ.

ಮೊದಲು ಗಂಟೆಗಳ ಲೆಕ್ಕ ನೋಡೋಣ. ಏಳು ದಿನವೆಂದರೆ 168 ಗಂಟೆ. ಮಯಾಮಿಯಿಂದ ಹೊರಡುವ ಒಂದು ವಾರದ ಪಯಣದಲ್ಲಿ ಹಡಗು ಸಾಮಾನ್ಯವಾಗಿ ಮೂರು ಇಲ್ಲವೆ ನಾಲ್ಕು ಕಡೆ ನಿಲ್ಲುತ್ತದೆ. ಬೆಳಿಗ್ಗೆ ಬಂದು ಸಂಜೆಯ ಹೊತ್ತಿಗೆ ಹೊರಟುಬಿಡುತ್ತದೆ. ಎಲ್ಲ ಸೇರಿಸಿದರೂ ನೆಲದ ಮೇಲೆ ಸಿಗುವ ಸಮಯ ಸುಮಾರು ಮೂವತ್ತು ಗಂಟೆ. ಕೇಮನ್ ದ್ವೀಪದ ಜಾರ್ಜ್ ಟೌನಿನಂಥ ಕಡೆ ದೊಡ್ಡ ಹಡಗು ಹತ್ತಿರ ಬಂದು ನಿಲ್ಲುವ ಧಕ್ಕೆಯೇ ಇಲ್ಲ. ಅದು ಆಳದ ನೀರಿನಲ್ಲಿ ನಿಂತು, ಟೆಂಡರ್ ಎಂದು ಕರೆಯುವ ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತದೆ. ಹೋಗುವಾಗ ಸರದಿ, ಬರುವಾಗ ಸರದಿ. ಇನ್ನು ಆ ಮೂರು ನಾಲ್ಕು ನಿಲುಗಡೆಗಳಲ್ಲಿ ಒಂದು ಸಾಮಾನ್ಯವಾಗಿ ಕಂಪನಿಯದೇ ಖಾಸಗಿ ಕಡಲತೀರವಾಗಿರುತ್ತದೆ. ಬಹಾಮಾಸಿನ ಗ್ರೇಟ್ ಸ್ಟರಪ್ ಕೇ 1977ರಿಂದ ಒಂದು ಹಡಗು ಕಂಪನಿಯ ಕೈಯಲ್ಲಿದೆ. ಪಕ್ಕದ ಲಿಟ್ಲ್ ಸ್ಟರಪ್ ಕೇ ಇನ್ನೊಂದು ಕಂಪನಿಯ ಕೈಯಲ್ಲಿ ಕೊಕೊಕೇ ಆಗಿದೆ. ಅಲ್ಲಿ ಇಳಿದವರಿಗೆ ಸಿಗುವುದು ಕಂಪನಿಯ ಊಟ, ಕಂಪನಿಯ ಕುರ್ಚಿ, ಕಂಪನಿಯ ಜಾರುಬಂಡೆ. ಅದನ್ನು ಬಹಾಮಾಸ್ ನೋಡಿದ್ದು ಎನ್ನಲಾಗದು. ಹೀಗೆ ಕಳೆಯುತ್ತ ಹೋದರೆ, ಬೇರೊಂದು ನಾಡಿನ ಬೀದಿಯಲ್ಲಿ ಪ್ರಯಾಣಿಕ ನಿಜವಾಗಿ ನಡೆದದ್ದು ವಾರಕ್ಕೆ ಹತ್ತು ಹನ್ನೆರಡು ಗಂಟೆ. ಉಳಿದ ನೂರೈವತ್ತು ಗಂಟೆಗೂ ಮೇಲ್ಪಟ್ಟು ಅವನು ಹಡಗಿನ ನಿವಾಸಿ, ಅಥವಾ ಹಡಗಿನವರದೇ ಮರಳಿನ ಮೇಲೆ ಕೂತವನು.

ಇದು ಆಕಸ್ಮಿಕವಾಗಿ ಆದದ್ದೂ ಅಲ್ಲ. ಒಂದು ಕಾಲಕ್ಕೆ ಹಡಗೆಂದರೆ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗುವ ಸಾಧನ. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಆ ಕೆಲಸ ಹಡಗಿನ ಕೈತಪ್ಪಿತು. 1966ರ ಡಿಸೆಂಬರಿನಲ್ಲಿ ನಾರ್ವೆಯ ನೂಟ್ ಕ್ಲೋಸ್ಟರ್ ಮತ್ತು ಇಸ್ರೇಲಿನಿಂದ ಬಂದ ಟೆಡ್ ಆರಿಸನ್ ಸೇರಿ ‘ಸನ್‌ವರ್ಡ್’ ಎಂಬ ಹಡಗನ್ನು ಮಯಾಮಿಯಿಂದ ನಸ್ಸಾವಿಗೆ ಓಡಿಸಿದರು. ಇಂದಿನ ಕೆರಿಬಿಯನ್ ಕ್ರೂಸಿನ ಹುಟ್ಟನ್ನು ಅಲ್ಲಿಂದ ಎಣಿಸುವುದು ವಾಡಿಕೆ. ಮುಂದೆ ಏನಾಯಿತೆಂಬುದನ್ನು ‘ಫ್ರಾನ್ಸ್’ ಎಂಬ ದೊಡ್ಡ ಹಡಗಿನ ಕತೆ ಚೆನ್ನಾಗಿ ತೋರಿಸುತ್ತದೆ. ಅಟ್ಲಾಂಟಿಕ್ಕನ್ನು ವೇಗವಾಗಿ ದಾಟಲೆಂದೇ ಕಟ್ಟಿದ ಆ ಹಡಗನ್ನು 1979ರಲ್ಲಿ ಕೊಂಡು, ‘ನಾರ್ವೆ’ ಎಂದು ಹೆಸರಿಟ್ಟು, 1980ರಲ್ಲಿ ಮಯಾಮಿಗೆ ತಂದರು. ತರುವ ಮೊದಲು ಮಾಡಿದ ಮುಖ್ಯ ಬದಲಾವಣೆಗಳಲ್ಲಿ ಒಂದು, ನಾಲ್ಕು ತಳ್ಳುಚಕ್ರಗಳಲ್ಲಿ ಎರಡನ್ನು ತೆಗೆದುಹಾಕಿದ್ದು. ವೇಗ ಯಾರಿಗೂ ಬೇಕಿರಲಿಲ್ಲ. ತಲುಪುವ ಆತುರ ಹೋಗಿ, ಒಳಗೆ ಇರುವುದೇ ಪ್ರಯಾಣದ ಉದ್ದೇಶವಾಯಿತು. ಹಡಗು ಸಾಧನವಾಗಿದ್ದದ್ದು ಸ್ಥಳವಾಯಿತು.

ಆ ಸ್ಥಳ ಇಂದು ಎಷ್ಟು ದೊಡ್ಡದಾಗಿದೆ ಎಂಬುದಕ್ಕೆ 2024ರ ಜನವರಿ 27ರಂದು ಮಯಾಮಿಯಿಂದ ಮೊದಲ ಪಯಣ ಹೊರಟ ‘ಐಕಾನ್ ಆಫ್ ದ ಸೀಸ್’ ಸಾಕ್ಷಿ. ಫಿನ್ಲೆಂಡಿನ ತುರ್ಕುವಿನಲ್ಲಿ ಕಟ್ಟಿದ ಈ ಹಡಗಿನ ಉದ್ದ ಸುಮಾರು 365 ಮೀಟರು, ಅಂತಸ್ತುಗಳು ಇಪ್ಪತ್ತು. ಹೆಚ್ಚೆಂದರೆ 7,600 ಪ್ರಯಾಣಿಕರು, ಅವರ ಜೊತೆಗೆ 2,350 ಸಿಬ್ಬಂದಿ ಅದರಲ್ಲಿ ಹಿಡಿಯುತ್ತಾರೆ. ನಮ್ಮ ಒಂದು ಹೋಬಳಿ ಕೇಂದ್ರದಷ್ಟು ಜನ. ಕಂಪನಿಯವರು ಅದರ ಭಾಗಗಳನ್ನು ಕರೆಯುವುದೂ ‘ನೆರೆಹೊರೆ’ ಎಂದೇ; ಅಂಥ ಎಂಟು ನೆರೆಹೊರೆಗಳಿವೆ. ಇಂಥ ಹಡಗುಗಳನ್ನು ತೇಲುವ ನಗರವೆಂದು ಜಾಹೀರಾತುಗಳು ಹೊಗಳುತ್ತವೆ. ನಾನು ಆ ಮಾತನ್ನು ಒಪ್ಪುತ್ತೇನೆ, ಜಾಹೀರಾತಿನವರು ಬಯಸುವುದಕ್ಕಿಂತ ಗಟ್ಟಿಯಾಗಿ ಒಪ್ಪುತ್ತೇನೆ. ಊರು ಎಂದ ಮೇಲೆ ಊರಿನ ಪ್ರಶ್ನೆಗಳನ್ನು ಕೇಳಬೇಕಲ್ಲ. ನೀರು ಎಲ್ಲಿಂದ ಬರುತ್ತದೆ, ಕೊಚ್ಚೆ ಎಲ್ಲಿಗೆ ಹೋಗುತ್ತದೆ, ಗುಡಿಸುವವರು ಯಾರು, ಅವರಿಗೆ ಕೂಲಿ ಎಷ್ಟು, ಜಗಳವಾದರೆ ನ್ಯಾಯ ಹೇಳುವವರು ಯಾರು. ಯಾವ ಊರಿನಲ್ಲೂ ವಾಸವಿದ್ದವನಿಗೆ ಇವುಗಳ ಉತ್ತರ ಅಷ್ಟಿಷ್ಟಾದರೂ ಗೊತ್ತಿರುತ್ತದೆ. ಈ ಊರಿನ ವಿಚಿತ್ರವೆಂದರೆ ಇಲ್ಲಿ ಅತಿಥಿಗಳಿದ್ದಾರೆ, ದುಡಿಯುವವರಿದ್ದಾರೆ, ಊರವರು ಎಂಬುವರು ಯಾರೂ ಇಲ್ಲ. ವಾರ ಮುಗಿದರೆ ಒಂದು ಪಂಗಡ ಹೋಗುತ್ತದೆ, ಕರಾರು ಮುಗಿದರೆ ಇನ್ನೊಂದು. ನೆನಪು ಇಟ್ಟುಕೊಳ್ಳುವವರು ಇಲ್ಲದ ಊರಿನಲ್ಲಿ, ಇಳಿದು ಬಂದವರು ಹೇಳುವ ಮಾತೇ ಆ ಊರಿನ ನೆನಪು. ಅದಕ್ಕೇ ಆ ಮಾತಿನ ಬೆಲೆ ದೊಡ್ಡದು.

ದಿನಚರಿಯ ಸಣ್ಣ ಸಂಗತಿಗಳೇ ನೋಡಿ. ಹಡಗು ಹತ್ತಿದ ದಿನ, ಲಂಗರು ಎತ್ತುವ ಮೊದಲೇ, ಪ್ರತಿಯೊಬ್ಬರೂ ತಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಅಪಾಯದ ಕಾಲದ ಕವಾಯತಿಗೆ ಹಾಜರಿ ಹಾಕಬೇಕು. ಏಳು ಬಾರಿ ಗಿಡ್ಡವಾಗಿ, ಒಂದು ಬಾರಿ ಉದ್ದವಾಗಿ ಕೂಗು ಕೇಳಿದರೆ ಏನು ಮಾಡಬೇಕೆಂದು ಹೇಳಿಕೊಡುತ್ತಾರೆ. ಅನುಭವ ಹೇಳುವವರು ಇದನ್ನು ಬೇಸರದ ಹೊತ್ತು ಎಂದು ಬಿಟ್ಟುಬಿಡುತ್ತಾರೆ. ಅದು ಹೊರಡುವ ಮೊದಲೇ ಆಗಬೇಕೆಂಬ ಕಟ್ಟು ಎಲ್ಲಿಂದ ಬಂತು? 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ತಾ ಕಾಂಕಾರ್ಡಿಯ’ ಬಂಡೆಗೆ ತಾಗಿ ವಾಲಿತು. 32 ಜನ ಸತ್ತರು. ಆಗಿನ ನಿಯಮದಂತೆ ಕವಾಯತನ್ನು ಹತ್ತಿದ 24 ಗಂಟೆಯೊಳಗೆ ಯಾವಾಗಲಾದರೂ ಮಾಡಬಹುದಿತ್ತು. ಆ ದಿನವೇ ಹತ್ತಿದ ನೂರಾರು ಜನಕ್ಕೆ ಅದು ಆಗಿರಲೇ ಇಲ್ಲ. ಕತ್ತಲಲ್ಲಿ ಎಲ್ಲಿಗೆ ಓಡಬೇಕೆಂದು ತಿಳಿಯದೆ ನಿಂತ ಆ ಜನ ಬದುಕಿ ಬಂದು ಹೇಳಿದ್ದರಿಂದ ಜಗತ್ತಿಗೆ ಲೋಪ ಗೊತ್ತಾಯಿತು. 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲೇ ಇಲ್ಲವೆ ಹೊರಟ ತಕ್ಷಣವೇ ಕವಾಯತು ಆಗಲೇಬೇಕೆಂದು ಅಂತರರಾಷ್ಟ್ರೀಯ ನಿಯಮ ಬಂತು. ಇನ್ನು ಕ್ಯಾಬಿನ್ನಿನ ಬಾಗಿಲನ್ನು ನೋಡಿ. ಕಣ್ಣಿನ ಮಟ್ಟದಲ್ಲಿ ಒಂದು ಪುಟ್ಟ ಇಣುಕುಗಂಡಿ ಇರುತ್ತದೆ. ಡೆಕ್ಕಿನ ಅಂಚಿನ ಕಟಕಟೆ ಒಂದು ಮೀಟರಿಗಿಂತ ಸ್ವಲ್ಪ ಎತ್ತರ. ಇವೆರಡೂ 2010ರಲ್ಲಿ ಅಮೆರಿಕ ಮಾಡಿದ ಕಾಯ್ದೆಯಲ್ಲಿ ಬರೆದಿರುವ ಸಂಗತಿಗಳು. ಹಡಗಿನಲ್ಲಿ ಹಲ್ಲೆಗೆ ಒಳಗಾದವರು, ಹಡಗಿನಿಂದ ಕಾಣೆಯಾದವರ ಮನೆಯವರು ವರ್ಷಗಟ್ಟಲೆ ಅಮೆರಿಕದ ಸಂಸತ್ತಿನ ಮುಂದೆ ತಮ್ಮ ಕತೆ ಹೇಳಿ ಅದನ್ನು ತಂದರು. ಹಿಂದೆ ಹತ್ತಿದ್ದ ಯಾರೋ ಬಾಯಿಬಿಟ್ಟು ಹೇಳಿದ್ದರಿಂದ ಇಂದು ಹತ್ತಿದವರು ಆ ಗಂಡಿಯಲ್ಲಿ ಇಣುಕಿ, ಬಂದವರು ಯಾರೆಂದು ನೋಡಿ ಬಾಗಿಲು ತೆಗೆಯುತ್ತಾರೆ.

ಪ್ರಯಾಣಿಕರ ಮಾತಿಗೆ ಇಷ್ಟು ಬಲವಿದ್ದರೆ, ದುಡಿಯುವವರ ಮಾತಿಗೂ ಇದೆ. 2013ರ ಆಗಸ್ಟಿನಲ್ಲಿ ‘ಕೆರಿಬಿಯನ್ ಪ್ರಿನ್ಸೆಸ್’ ಎಂಬ ಹಡಗು ಇಂಗ್ಲೆಂಡಿನ ಕರಾವಳಿಯ ಹತ್ತಿರ ಸುಮಾರು 16 ಸಾವಿರ ಲೀಟರಿನಷ್ಟು ಎಣ್ಣೆ ಬೆರೆತ ಕೊಳೆನೀರನ್ನು ಕಡಲಿಗೆ ಬಿಟ್ಟಿತು. ನಿಯಮದಂತೆ ಅಂಥ ನೀರು ಶುದ್ಧೀಕರಣದ ಯಂತ್ರದ ಮೂಲಕವೇ ಹಾಯಬೇಕು. ಇಲ್ಲಿ ಯಂತ್ರವನ್ನು ತಪ್ಪಿಸಿ ಹಾಯುವ ಒಂದು ಕಳ್ಳಕೊಳವೆ ಜೋಡಿಸಿದ್ದರು. ಹಡಗಿನವರ ಭಾಷೆಯಲ್ಲಿ ಅದು ‘ಮ್ಯಾಜಿಕ್ ಪೈಪು’. ಮೇಲಿನ ಅಂತಸ್ತುಗಳಲ್ಲಿ ಈಜುಕೊಳದ ಪಕ್ಕ ಮಲಗಿದ್ದ ಸಾವಿರಾರು ಜನರಲ್ಲಿ ಯಾರಿಗೂ ಅದು ತಿಳಿಯುವಂತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಎಂಜಿನಿಯರ್ ಅದನ್ನು ಕಂಡ. ಹಡಗು ಸೌತಾಂಪ್ಟನ್ ತಲುಪಿದಾಗ ಕೆಲಸ ಬಿಟ್ಟು ಇಳಿದು ಬ್ರಿಟನ್ನಿನ ಅಧಿಕಾರಿಗಳಿಗೆ ತಿಳಿಸಿದ. ತನಿಖೆ ನಡೆದಾಗ ಆ ಹಡಗಿನಲ್ಲಿ 2005ರಿಂದಲೇ ಇಂಥದು ನಡೆದಿತ್ತೆಂದೂ, ಕಂಪನಿಯ ಬೇರೆ ಹಡಗುಗಳಲ್ಲೂ ಅಕ್ರಮಗಳು ಆಗಿವೆಯೆಂದೂ ಹೊರಬಿತ್ತು. 2016ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಉದ್ದೇಶಪೂರ್ವಕವಾಗಿ ಹಡಗಿನಿಂದ ಮಾಲಿನ್ಯ ಮಾಡಿದ್ದಕ್ಕೆ ಅಲ್ಲಿಯವರೆಗೆ ಅಷ್ಟು ದೊಡ್ಡ ದಂಡ ಬಿದ್ದಿರಲಿಲ್ಲ. ಬಂದರಿನ ತಪಾಸಣೆ ಇತ್ತು, ಕಾಗದಪತ್ರಗಳಿದ್ದವು, ದಾಖಲೆಯ ಪುಸ್ತಕವಿತ್ತು. ಅವೆಲ್ಲ ಹಿಡಿಯದ ಸಂಗತಿಯನ್ನು ದಿನವೂ ಎಂಜಿನ್ ಕೋಣೆಗೆ ಇಳಿಯುತ್ತಿದ್ದ ಒಬ್ಬನ ಮಾತು ಹಿಡಿದುಕೊಟ್ಟಿತು.

ಹಡಗಿನ ದಿನಚರಿಯಲ್ಲಿ ನಾವು ಹೇಳದೆ ಬಿಡುವ ಅರ್ಧ ಈ ದುಡಿಯುವವರದು. ಸಂಜೆ ಊಟ ಮುಗಿಸಿ ಕ್ಯಾಬಿನ್ನಿಗೆ ಬಂದರೆ ಹಾಸಿಗೆಯ ಮೇಲೆ ಒಂದು ಟವೆಲಿನ ಆನೆ ಕೂತಿರುತ್ತದೆ. ಎರಡು ಟವೆಲನ್ನು ಸುರುಳಿ ಸುತ್ತಿ, ಮಡಚಿ, ಸೊಂಡಿಲು ಎಬ್ಬಿಸಿ ಮಾಡಿದ್ದು. ಮರುದಿನ ಹಂಸ, ಅದರ ಮರುದಿನ ಹ್ಯಾಂಗರಿಗೆ ನೇತುಬಿದ್ದ ಕೋತಿ. ಮಕ್ಕಳು ಕೈ ತಟ್ಟುತ್ತಾರೆ, ಎಲ್ಲರೂ ಫೋಟೊ ತೆಗೆಯುತ್ತಾರೆ. ಹಡಗಿನ ಬಗ್ಗೆ ಹೇಳುವ ಯಾರೂ ಆ ಆನೆಯನ್ನು ಮರೆಯುವುದಿಲ್ಲ. ಅದನ್ನು ಮಡಚಿದ ಕೈ ಹದಿನೈದಕ್ಕೂ ಹೆಚ್ಚು ಕ್ಯಾಬಿನ್ನುಗಳನ್ನು ದಿನವೂ ಸರಿಪಡಿಸುವ ಕೈ. ಕೆಲಸ ಮುಗಿದ ಮೇಲೆ ಆ ಕೋಣೆ ಕೆಲಸದವನು ಹೋಗುವುದು ನೀರಿನ ಮಟ್ಟಕ್ಕೆ ಸಮೀಪದ ಅಂತಸ್ತಿಗೆ. ಹಡಗಿನ ಮೂತಿಯಿಂದ ಬಾಲದವರೆಗೆ ಹಾದುಹೋಗುವ ಸಿಬ್ಬಂದಿಯ ಓಣಿಯೊಂದು ಅಲ್ಲಿದೆ. ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರನ್ನೇ ಅದಕ್ಕಿಟ್ಟು ‘ಐ-95’ ಎಂದು ಕರೆಯುತ್ತಾರೆ. ಸಾಮಾನು ತುಂಬಿದ ಗಾಡಿಗಳು, ಬಟ್ಟೆಯ ಮೂಟೆಗಳು, ಪಾಳಿ ಬದಲಿಸುವ ಜನ, ಗೋಡೆಯ ಮೇಲೆ ಸೂಚನೆಗಳು. ಅದರ ಆಚೀಚೆ ಕಿಟಕಿಯಿಲ್ಲದ ಕೋಣೆಗಳು, ಒಂದರ ಮೇಲೊಂದು ಮಂಚ, ಇಬ್ಬರಿಗೊಂದು ಕೋಣೆ. ಕೋಣೆ ಕೆಲಸದವರ, ಊಟ ಬಡಿಸುವವರ ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ವಾರದ ಏಳೂ ದಿನ ಕೆಲಸ, ಪೂರಾ ರಜೆಯ ದಿನ ಎಂಬುದಿಲ್ಲ.

ನಿಯಮ ಇಲ್ಲವೆಂದಲ್ಲ. 2006ರ ಕಡಲ ಕಾರ್ಮಿಕ ಒಡಂಬಡಿಕೆ 2013ರ ಆಗಸ್ಟ್ 20ರಿಂದ ಜಾರಿಯಲ್ಲಿದೆ. ಅದು ಎರಡು ಬಗೆಯ ಮಿತಿಗಳನ್ನು ಕೊಟ್ಟು ಯಾವುದಾದರೂ ಒಂದನ್ನು ಆರಿಸಿಕೊಳ್ಳಲು ದೇಶಗಳಿಗೆ ಬಿಡುತ್ತದೆ: ಒಂದೋ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಿ ದುಡಿಸಬಾರದು, ಇಲ್ಲವೇ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಎರಡನೆಯದನ್ನು 168ರಿಂದ ಕಳೆದು ನೋಡಿ. ವಾರಕ್ಕೆ 91 ಗಂಟೆ ದುಡಿಸಿದರೂ ನಿಯಮ ಮುರಿದಂತಾಗುವುದಿಲ್ಲ. ದಿನದ ಆ ಹತ್ತು ಗಂಟೆಯ ವಿಶ್ರಾಂತಿಯನ್ನೂ ಎರಡು ತುಂಡು ಮಾಡಬಹುದು, ಒಂದು ತುಂಡು ಆರು ಗಂಟೆ ಇದ್ದರೆ ಸಾಕು. ನಮ್ಮಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ವಾರಕ್ಕೆ 48 ಗಂಟೆಯ ಮಿತಿ ಇರುವುದನ್ನು ಇದರ ಪಕ್ಕದಲ್ಲಿ ಇಟ್ಟುಕೊಳ್ಳಿ. ಕೂಲಿಯ ವಿಷಯದಲ್ಲಿ ಬಾವುಟದ ಮಾತು ಬರುತ್ತದೆ. ದೊಡ್ಡ ಕ್ರೂಸ್ ಕಂಪನಿಗಳ ಕಚೇರಿ ಮಯಾಮಿಯ ಆಸುಪಾಸಿನಲ್ಲಿದೆ, ಪ್ರಯಾಣಿಕರಲ್ಲಿ ಹೆಚ್ಚಿನವರು ಅಮೆರಿಕದವರು, ಹಡಗು ಹೊರಡುವುದೂ ಅಲ್ಲಿಂದಲೇ. ಆದರೆ ಹಡಗಿನ ಹಿಂಬದಿಯಲ್ಲಿ ಹಾರುವುದು ಬಹಾಮಾಸ್, ಪನಾಮಾ ಇಂಥ ದೇಶಗಳ ಬಾವುಟ. ಈ ಪದ್ಧತಿಗೆ ನೂರು ವರ್ಷ ಆಯಿತು. 1922ರಲ್ಲಿ, ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, ಹಡಗಿನಲ್ಲಿ ಮದ್ಯ ಮಾರಲೆಂದು ‘ರಿಲಯನ್ಸ್’, ‘ರೆಸೊಲ್ಯೂಟ್’ ಎಂಬ ಎರಡು ಅಮೆರಿಕನ್ ಪ್ರಯಾಣಿಕ ಹಡಗುಗಳು ಪನಾಮಾದ ಬಾವುಟ ಏರಿಸಿದ್ದವು. ಪಾನನಿಷೇಧ ಹೋಯಿತು, ಬಾವುಟ ಉಳಿಯಿತು. ಅಮೆರಿಕದ ಕನಿಷ್ಠ ಕೂಲಿಯ ಕಾಯ್ದೆ ಬೇರೆ ದೇಶದ ಬಾವುಟದ ಹಡಗಿನಲ್ಲಿ ದುಡಿಯುವವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ದಿನಕ್ಕೆ ತಲೆಗೆ ಹದಿನಾರರಿಂದ ಇಪ್ಪತ್ತು ಡಾಲರಿನಷ್ಟು ‘ಟಿಪ್ಸ್’ ಎಂದು ಪ್ರಯಾಣಿಕರ ಲೆಕ್ಕಕ್ಕೆ ಸೇರಿಸುವ ಹಣ, ಬಡಿಸುವವರ ಮತ್ತು ಕೋಣೆಯವರ ಸಂಪಾದನೆಯ ಒಂದು ದೊಡ್ಡ ಭಾಗ. ಅದನ್ನು ಬೇಡವೆಂದು ಕೌಂಟರಿನಲ್ಲಿ ಹೇಳಿ ತೆಗೆಸಲೂ ಅನೇಕ ಹಡಗುಗಳಲ್ಲಿ ಅವಕಾಶವಿದೆ. ಟಿಪ್ಸ್ ಕೊಡಬೇಕೇ ಬೇಡವೇ ಎಂಬುದು ಪ್ರಯಾಣಿಕರ ಸಂಭಾಷಣೆಯಲ್ಲಿ ಬಹಳ ಚರ್ಚೆಯಾಗುವ ಸಂಗತಿ. ಕೂಲಿಯಾಗಬೇಕಾದ್ದು ಟಿಪ್ಸ್ ಯಾಕಾಯಿತು ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತುವವರು ಕಡಿಮೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಅವರನ್ನು ಯಾರೂ ಕಟ್ಟಿ ಎಳೆದೊಯ್ದಿಲ್ಲ, ಊರಿನಲ್ಲಿ ಸಿಗುವುದಕ್ಕಿಂತ ಹೆಚ್ಚು ಸಂಪಾದನೆ ಎಂದು ಇಷ್ಟಪಟ್ಟೇ ಹೋಗುತ್ತಾರೆ ಎಂಬುದು ಆ ಆಕ್ಷೇಪ. ಇದು ನಿಜ. ನಮ್ಮ ಮಂಗಳೂರು, ಉಡುಪಿ ಕಡೆ, ಗೋವಾದಲ್ಲಿ, ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತಿಗೆ ಮರ್ಯಾದೆಯಿದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಎಷ್ಟೋ ಹುಡುಗರು ಆ ದುಡ್ಡಿನಿಂದ ತಂಗಿಯ ಮದುವೆ ಮಾಡಿದ್ದಾರೆ, ಮನೆಗೆ ತಾರಸಿ ಹಾಕಿಸಿದ್ದಾರೆ. ಆ ಉದ್ಯೋಗವನ್ನು ಹೀನವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ನಾನು ಹೇಳುವುದು ಇಷ್ಟೇ: ಇಷ್ಟಪಟ್ಟು ಹೋಗುವವನಿಗೆ ತಾನು ಇಷ್ಟಪಡುತ್ತಿರುವುದು ಏನನ್ನು ಎಂಬುದು ಮೊದಲೇ ತಿಳಿದಿರಬೇಕು. ಎಸ್‌ಟಿಸಿಡಬ್ಲ್ಯೂ ಎಂಬ ನಾವಿಕರ ತರಬೇತಿ, ಸಿಡಿಸಿ ಎಂಬ ನಾವಿಕನ ಪುಸ್ತಕ, ವೈದ್ಯಕೀಯ ತಪಾಸಣೆ, ಹಡಗಿನ ಸಿಬ್ಬಂದಿಗೆ ಬೇಕಾದ ಅಮೆರಿಕದ ಸಿ1/ಡಿ ವೀಸಾ ಇಷ್ಟರ ಹಿಂದೆ ಓಡಾಡುವಾಗ ಹುಡುಗನ ಕೈಗೆ ಸಿಗುವುದು ಪ್ರಯಾಣಿಕರು ತೆಗೆದ ಚಿತ್ರಗಳು. ಎರಡು ಪಾಳಿಯ ನಡುವಿನ ನಿದ್ದೆ ಹೇಗಿರುತ್ತದೆ, ಕರಾರಿನ ನಡುವೆ ಮನೆಯಲ್ಲಿ ಸಾವಾದರೆ ಏನು ಗತಿ, ಟಿಪ್ಸ್ ಕಡಿಮೆಯಾದ ತಿಂಗಳು ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಹೇಳುವವರು ಬೇಕು. ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮೇಲೆ ಹೇಳಿದ ಒಡಂಬಡಿಕೆಗೆ ಭಾರತವೂ 2015ರಲ್ಲಿ ಸಹಿ ಕೂಡಿಸಿದೆ. ಅದರ ಪ್ರಕಾರ ಕೆಲಸ ಕೊಡಿಸುವುದಕ್ಕೆಂದು ಏಜೆಂಟರು ಹುಡುಗರಿಂದ ಹಣ ಕೀಳುವಂತಿಲ್ಲ. ಪಾಸ್‌ಪೋರ್ಟು, ನಾವಿಕನ ಪುಸ್ತಕ, ವೈದ್ಯಕೀಯ ಪತ್ರ ಇವುಗಳ ಖರ್ಚು ಮಾತ್ರ ಅವರದು. ಏಜೆಂಟರಿಗೆ ಶಿಪ್ಪಿಂಗ್ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕು. ಲಕ್ಷಗಟ್ಟಲೆ ಕೇಳುವವರು ಎದುರಾದರೆ ಅದು ನಿಯಮಬಾಹಿರವೆಂದು ತಿಳಿದಿರಲಿ.

ರಜೆಗೆಂದು ದುಡ್ಡು ಕೂಡಿಟ್ಟು ಹೋದವರ ತಲೆಗೆ ಇಷ್ಟೆಲ್ಲ ಭಾರ ಹೊರಿಸಬೇಕೆ ಎಂದು ಕೇಳುವವರೂ ಇದ್ದಾರೆ. ಜೀವಮಾನವಿಡೀ ದುಡಿದ ಮುದುಕಿಯೊಬ್ಬಳು ಒಂದು ವಾರ ಯಾರೋ ಮಾಡಿ ಬಡಿಸಿದ್ದನ್ನು ಕೂತು ಉಣ್ಣುವಾಗ ಅವಳ ಮುಂದೆ ಕಾರ್ಮಿಕ ಒಡಂಬಡಿಕೆ ಓದಬೇಕೆಂದು ನಾನು ಹೇಳುತ್ತಿಲ್ಲ. ಅವಳ ಸಂತೋಷ ಅವಳು ಗಳಿಸಿದ್ದು. ಆದರೆ ಊಟ ಮಾಡಿದವರು ಒಮ್ಮೆ ಅಡುಗೆಮನೆಯ ಕಡೆ ತಿರುಗಿ ನೋಡಿದರೆ ಊಟದ ರುಚಿ ಕೆಡುವುದಿಲ್ಲ. ನಿಜ ಹೇಳಬೇಕೆಂದರೆ, ಕನ್ನಡ ಮನೆಗಳಿಂದ ಹೋದ ಹೆಣ್ಣುಮಕ್ಕಳು ಬಡಿಸುವವನನ್ನು ‘ಯಾವೂರಪ್ಪ ನಿಂದು, ಊಟ ಆಯ್ತಾ’ ಎಂದು ಕೇಳದೆ ಬಿಡುವವರಲ್ಲ. ಆ ಪ್ರಶ್ನೆಯೇ ಸಾಕು. ಅದಕ್ಕೆ ಬಂದ ಉತ್ತರವನ್ನು ಊರಿಗೆ ಬಂದಾಗ ಬಫೆಯ ವರ್ಣನೆಯ ಜೊತೆಗೇ ಹೇಳಿದರೆ ನನ್ನ ವಾದಕ್ಕೆ ಅಷ್ಟೇ ಬೇಕಾದದ್ದು.

ಇನ್ನು ದ್ವೀಪಗಳ, ಬಂದರುಗಳ ಮಾತು. ಹಡಗು ಬಂದರೆ ಅಲ್ಲಿನವರಿಗೆ ದುಡ್ಡು ಬರುತ್ತದೆ ಎನ್ನುತ್ತಾರೆ. ಬರುತ್ತದೆ. ಎಷ್ಟು ಬರುತ್ತದೆ, ಯಾರು ನಿರ್ಧರಿಸುತ್ತಾರೆ ಎಂಬುದು ಪ್ರಶ್ನೆ. 2024ರ ಕೊನೆಗೆ ಮೆಕ್ಸಿಕೊ ಕ್ರೂಸಿನ ಪ್ರಯಾಣಿಕರೊಬ್ಬರಿಗೆ 42 ಡಾಲರ್ ತೆರಿಗೆ ಹಾಕಲು ಹೊರಟಿತು. ಕಂಪನಿಗಳ ಜೊತೆ ಮಾತುಕತೆಯಾದ ಮೇಲೆ ಅದು 5 ಡಾಲರಿಗೆ ಇಳಿದು, ಮುಂದೆ ಹಂತಹಂತವಾಗಿ ಏರುವುದೆಂದು ತೀರ್ಮಾನವಾಯಿತು. ಹಡಗು ಚಲಿಸುವ ವಸ್ತು. ಈ ಬಂದರು ಬೇಡವೆಂದರೆ ಪಕ್ಕದ ಬಂದರಿಗೆ ಹೋಗುತ್ತದೆ. ದ್ವೀಪವಾಗಲಿ ಬಂದರಾಗಲಿ ಎಲ್ಲಿಗೂ ಹೋಗಲಾರದು. ಚೌಕಾಸಿಯಲ್ಲಿ ಯಾರ ಕೈ ಮೇಲೆಂಬುದು ಅಲ್ಲೇ ತಿಳಿಯುತ್ತದೆ. ಇಂಥ ಪ್ರಶ್ನೆ ಪ್ರಯಾಣಿಕರಲ್ಲೇ ಎದ್ದದ್ದೂ ಉಂಟು. ಹೈಟಿಯ ಉತ್ತರ ಕರಾವಳಿಯ ಲಾಬಾಡಿಯಲ್ಲಿ 1980ರ ದಶಕದಿಂದ ಒಂದು ಕಂಪನಿ ಗುತ್ತಿಗೆಗೆ ಹಿಡಿದ ಬೇಲಿಯೊಳಗಿನ ಕಡಲತೀರವಿದೆ. 2010ರ ಜನವರಿ 12ರಂದು ಹೈಟಿಯ ರಾಜಧಾನಿಯ ದೊಡ್ಡ ಭಾಗ ಭೂಕಂಪದಲ್ಲಿ ನೆಲಸಮವಾಯಿತು. ಮೂರೇ ದಿನದಲ್ಲಿ, ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಲಾಬಾಡಿಗೆ ವಿಹಾರದ ಹಡಗು ಬಂದು ನಿಂತಿತು. ಇಂಥ ಹೊತ್ತಿನಲ್ಲಿ ಅಲ್ಲಿ ಇಳಿದು ಈಜುವುದು ಸರಿಯೇ ಎಂದು ಪ್ರಯಾಣಿಕರಲ್ಲೇ ವಾದ ನಡೆಯಿತು. ಕೆಲವರು ಇಳಿಯಲಿಲ್ಲ. ಹಡಗು ಪರಿಹಾರದ ಅಕ್ಕಿ, ನೀರು ತಂದಿದೆ, ಅಲ್ಲಿ ನೂರಾರು ಜನರ ಕೂಲಿ ಇದರಿಂದಲೇ ನಡೆಯುತ್ತದೆ ಎಂದು ಇನ್ನು ಕೆಲವರು ಇಳಿದರು. ಇಬ್ಬರಲ್ಲಿ ಯಾರು ಸರಿ ಎಂದು ನಾನು ತೀರ್ಪು ಕೊಡುವುದಿಲ್ಲ. ಎರಡೂ ಕಡೆ ನ್ಯಾಯವಿದೆ. ಆ ವಾದ ಹಡಗಿನಲ್ಲಿ ಹೋದವರ ನಡುವೆ ನಡೆಯಿತು, ಜಗತ್ತಿಗೂ ತಿಳಿಯಿತು. ಹಡಗಿನ ದಿನಚರಿ ಹೇಳುವುದೆಂದರೆ ಅದನ್ನೂ ಹೇಳುವುದು.

ಕೆರಿಬಿಯನ್ನಿಗೆ ದುಡಿಯಲೆಂದು ಹಡಗು ಹತ್ತಿದ ಭಾರತೀಯರಲ್ಲಿ ಇಂದಿನ ಈ ಹುಡುಗರೇ ಮೊದಲಿಗರಲ್ಲ. 1838ರಲ್ಲಿ ಬ್ರಿಟಿಷ್ ಗಯಾನಾಕ್ಕೆ, 1845ರ ಮೇ ತಿಂಗಳಲ್ಲಿ ಜಮೈಕಾಕ್ಕೂ ಟ್ರಿನಿಡಾಡಿಗೂ ಕಬ್ಬಿನ ತೋಟಗಳ ಕರಾರು ಕೂಲಿಗಳ ಹಡಗುಗಳು ಹೋಗಿ ತಲುಪಿದವು. ಆ ಪದ್ಧತಿ ನಿಂತದ್ದು 1917ರಲ್ಲಿ. ಆ ಬಲವಂತದ ದುಡಿಮೆಗೂ ಇಂದಿನ ಹಡಗಿನ ಕೆಲಸಕ್ಕೂ ಹೋಲಿಕೆ ಮಾಡುವುದು ತಪ್ಪು, ನಾನು ಮಾಡುತ್ತಲೂ ಇಲ್ಲ. ನನ್ನ ಗಮನ ಬೇರೆ ಕಡೆ. ತಿಂಗಳುಗಟ್ಟಲೆ ನಡೆದ ಆ ಪಯಣಗಳಲ್ಲಿ ದಿನ ಹೇಗೆ ಕಳೆಯಿತು, ಏನು ಉಂಡರು, ಯಾರು ಸತ್ತರು ಎಂಬುದು ಇಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಹಡಗಿನ ಕಪ್ತಾನರು ಮತ್ತು ವೈದ್ಯರು ಬರೆದಿಟ್ಟ ದಾಖಲೆಗಳಿಂದ. ಸುರಿನಾಮಿನ ಮುನ್ಶಿ ರಹಮಾನ್ ಖಾನರಂತೆ ತಾವೇ ಆತ್ಮಕತೆ ಬರೆದವರು ಬೆರಳೆಣಿಕೆಯಷ್ಟು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದವರ ಬಾಯಿಂದ ಬಂದ ಮಾತು ಚರಿತ್ರೆಗೆ ಸಿಗಲೇ ಇಲ್ಲ ಎನ್ನಬಹುದು. ಇಂದಿನವರ ಕೈಯಲ್ಲಿ ಫೋನಿದೆ. 2020ರ ಮಾರ್ಚ್ 14ರಂದು ಕೊರೊನಾ ಕಾರಣಕ್ಕೆ ಅಮೆರಿಕ ಕ್ರೂಸುಗಳನ್ನು ನಿಲ್ಲಿಸಿದಾಗ ಪ್ರಯಾಣಿಕರು ಇಳಿದು ಮನೆಗೆ ಹೋದರು. ಹತ್ತಾರು ಸಾವಿರ ಸಿಬ್ಬಂದಿ ತಿಂಗಳುಗಟ್ಟಲೆ ಹಡಗಿನಲ್ಲೇ ಸಿಕ್ಕಿಬಿದ್ದರು, ಅವರಲ್ಲಿ ಭಾರತೀಯರೂ ಅನೇಕರು. ಕ್ಯಾಬಿನ್ನಿನ ಒಳಗಿಂದ ಅವರು ಕಳಿಸಿದ ವಿಡಿಯೊಗಳ ಮೂಲಕವೇ ಹೊರಗಿನವರಲ್ಲಿ ಬಹಳ ಜನ ಆ ಬದುಕನ್ನು ಮೊದಲ ಬಾರಿಗೆ ಕಂಡರು. ಸರಕಾರಗಳು ಅವರನ್ನು ಮನೆಗೆ ಕರೆತರಲು ಓಡಾಡಿದ್ದರಲ್ಲಿ ಆ ವಿಡಿಯೊಗಳ ಪಾಲೂ ಇದೆ.

ಕಡೆಯದಾಗಿ ಒಂದು ಎಚ್ಚರದ ಮಾತು. ದುಡಿಯುವವರ ಬಗ್ಗೆ ಹೇಳಲು ಹೋಗಿ ಅವರ ಕೆಲಸಕ್ಕೇ ಸಂಚಕಾರ ತರಬಾರದಲ್ಲ ಎಂದು ಕೇಳುವವರ ಮಾತು ಸರಿ. ಬಡಿಸುವ ಹುಡುಗ ನಂಬಿ ಹೇಳಿದ ಕಷ್ಟವನ್ನು ಅವನ ಹೆಸರು, ಮುಖ, ಹಡಗಿನ ಹೆಸರಿನ ಸಮೇತ ಹತ್ತು ಜನರ ಮುಂದೆ ಹರಡಿದರೆ ಅವನ ಮುಂದಿನ ಕರಾರು ಹೋದೀತು. ಹೆಸರು ಬೇಕಿಲ್ಲ. ಗಂಟೆಗಳು ಸಾಕು. ಬೆಳಿಗ್ಗೆ ಆರಕ್ಕೆ ತಿಂಡಿಯ ಬಳಿ ಕಂಡವನನ್ನು ರಾತ್ರಿ ಹತ್ತಕ್ಕೆ ಮತ್ತೆ ಊಟದ ಕೋಣೆಯಲ್ಲಿ ಕಂಡೆ ಎಂದು ಹೇಳುವುದಕ್ಕೆ ಯಾರ ಗುಟ್ಟೂ ಒಡೆಯಬೇಕಾಗಿಲ್ಲ.

ಆದರೂ ಯಾವ ಪ್ರಯಾಣಿಕನೂ ನೋಡಲಾರದ ಒಂದು ಹೊತ್ತು ಉಳಿಯುತ್ತದೆ. ಏಳನೆಯ ರಾತ್ರಿ ಕಳೆದು ಹಡಗು ಬೆಳಗಿನ ಜಾವ ಮಯಾಮಿಗೆ ಮರಳುತ್ತದೆ. ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಕ್ರೂಸ್ ಪ್ರಯಾಣಿಕರು ಹಾದುಹೋಗುವ ಬಂದರು ಅದು. ಹತ್ತು ಗಂಟೆಯ ಸುಮಾರಿಗೆ ಕೊನೆಯವರು ಇಳಿದು ವಿಮಾನ ನಿಲ್ದಾಣದ ದಾರಿ ಹಿಡಿಯುತ್ತಾರೆ. ಮಧ್ಯಾಹ್ನ ಒಂದರ ಹೊತ್ತಿಗೆ ಮುಂದಿನ ವಾರದವರು ತಮ್ಮ ಕೋಣೆಗಳಿಗೆ ಬರತೊಡಗುತ್ತಾರೆ. ನಡುವಿನ ಆ ಮೂರು ಗಂಟೆಯಲ್ಲಿ ಸಾವಿರಾರು ಹಾಸಿಗೆಗಳ ಬಟ್ಟೆ ಕಿತ್ತು ಓಣಿಯಲ್ಲಿ ಗುಡ್ಡೆ ಬೀಳುತ್ತದೆ, ಐ-95ರಲ್ಲಿ ತರಕಾರಿಯ ಪೆಟ್ಟಿಗೆಗಳ ಗಾಡಿಗಳು ಒಂದರ ಹಿಂದೊಂದು ಓಡುತ್ತವೆ, ಕರಾರು ಮುಗಿದವರು ಸೂಟ್‌ಕೇಸು ಎಳೆದುಕೊಂಡು ಇಳಿಯುತ್ತಾರೆ, ಅವರ ಮಂಚಕ್ಕೆ ಹೊಸಬರು ಬರುತ್ತಾರೆ. ಮೇಲಿನ ಅಂತಸ್ತಿನ ಕ್ಯಾಬಿನ್ನಿನಲ್ಲಿ ಒಬ್ಬ ಬಾಗಿ ಹೊಸ ಹಾಸು ಬಿಗಿದು ಸಿಕ್ಕಿಸುತ್ತಾನೆ. ಹೋದ ವಾರದ ಮಕ್ಕಳು ಬಿಟ್ಟುಹೋದ ಟವೆಲಿನ ಆನೆಯನ್ನು ಬಿಚ್ಚಿ ಒಗೆಯುವ ಚೀಲಕ್ಕೆ ಹಾಕುತ್ತಾನೆ.